ಕಣ್ಣು ತಪ್ಪಿಸಿದ ಒಂದು ‘ಡಿ’: ಕಾಲುನೋವಿನಿಂದ ಸಿಆರ್‌ಪಿ ತನಕ

ಕಾಲುನೋವಿಗೆ ಅಂತ ಡಾಕ್ಟರ ಬಳಿ ಹೋಗಲು ಶುರುಮಾಡಿ ಮೊನ್ನೆಗೆ ಏಳು ತಿಂಗಳು ತುಂಬಿತು. ಫೈಲು ಉಬ್ಬಿ ಕೂತಿದೆ, ಎಡ ಮೊಣಕೈ ಮಡಿಕೆಯಲ್ಲಿ ಸೂಜಿ ಚುಚ್ಚಿದ ನೀಲಿ ಇನ್ನೂ ಪೂರ್ತಿ ಮಾಸಿಲ್ಲ. ಸದ್ಯಕ್ಕೆ ಪರೀಕ್ಷೆಗಳು ಸಾಕು ಅಂದಿದ್ದಾರೆ ಡಾಕ್ಟರು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಾನು ಎಡವಿದ ಜಾಗಗಳನ್ನು ಯಾರಾದರೂ ಮೊದಲೇ ತೋರಿಸಿದ್ದರೆ ಎರಡು ತಿಂಗಳಾದರೂ ಉಳಿಯುತ್ತಿತ್ತು.

ಶುರುವಾಗಿದ್ದು ಬಲಗಾಲಿನ ಮೀನಖಂಡದಲ್ಲಿ. ಸುಮಾರು ಇನ್ನೂರು ಹೆಜ್ಜೆ ನಡೆದರೆ ಒಳಗಿನಿಂದ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ನಿಂತರೆ ಎರಡೇ ನಿಮಿಷ, ಏನೂ ಆಗಿಲ್ಲವೆಂಬಂತೆ ಹೋಗಿಬಿಡುತ್ತಿತ್ತು. ಮತ್ತೆ ಇನ್ನೂರು ಹೆಜ್ಜೆಗೆ ಹಾಜರು. ದಾರಿಯಲ್ಲಿ ಸುಮ್ಮನೆ ನಿಲ್ಲಲು ನಾಚಿಕೆಯಾಗಿ ಫೋನ್ ತೆಗೆದು ನೋಡುವ ನಾಟಕ ಕಲಿತೆ. ನನ್ನದು ಕರಡು ತಿದ್ದುವ ಕೆಲಸ, ದಿನವಿಡೀ ಕುರ್ಚಿಯಲ್ಲಿ. ನರ ಹಿಡಿದಿರಬೇಕು ಅಂದುಕೊಂಡು ನಾಲ್ಕು ತಿಂಗಳು ಎಣ್ಣೆ ತಿಕ್ಕಿದೆ.

ಕೊನೆಗೆ ಹೆಂಡತಿಯೇ ಎಳೆದುಕೊಂಡು ಹೋದಳು. ರಕ್ತನಾಳದ ಡಾಕ್ಟರು ಮಾತಿಗಿಂತ ಮೊದಲು ಮಲಗಿಸಿದರು. ತೋಳಿಗೆ ಕಟ್ಟುವ ಬಿಪಿ ಪಟ್ಟಿಯನ್ನೇ ಕಣಕಾಲಿಗೆ ಸುತ್ತಿ, ಪಾದದ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಪೆನ್ಸಿಲಿನಂಥ ಡಾಪ್ಲರ್ ಕಡ್ಡಿ ಇಟ್ಟರು. ಎಡಗಾಲಿನಿಂದ ಚುರುಕಾಗಿ ಚಾಟಿ ಬೀಸಿದಂಥ ಸದ್ದು ಬಂತು. ಬಲಗಾಲಿಗೆ ಇಟ್ಟಾಗ ‘ಶೂ… ಶೂ…’ ಅಂತ ಉದಾಸೀನದ, ಉದ್ದನೆಯ ನಿಟ್ಟುಸಿರು. ನನಗೆ ವೈದ್ಯ ಗೊತ್ತಿಲ್ಲ, ಆದರೆ ಆ ಎರಡು ಸದ್ದು ಕೇಳಿದ ಮೇಲೆ ಯಾರೂ ವಿವರಿಸಬೇಕಾಗಿರಲಿಲ್ಲ. ತೋಳಿನಲ್ಲಿ 138, ಎಡ ಕಣಕಾಲಿನಲ್ಲಿ 132, ಬಲದಲ್ಲಿ 102. ಕಾಲಿನ ಒತ್ತಡವನ್ನು ತೋಳಿನದ್ದರಿಂದ ಭಾಗಿಸಿದರೆ ಎಡಕ್ಕೆ 0.96, ಬಲಕ್ಕೆ 0.74. ಇದು 0.9ಕ್ಕಿಂತ ಇಳಿದರೆ ಕಾಲಿನ ಅಪಧಮನಿ ಕಿರಿದಾಗಿದೆ ಅಂತ ಲೆಕ್ಕ. (ಸೂಜಿಯಿಲ್ಲದ ಪರೀಕ್ಷೆ, ಕಾಲು ಗಂಟೆಯೂ ಹಿಡಿಯುವುದಿಲ್ಲ. ಆದರೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳ ಸುಣ್ಣಗಟ್ಟಿ ಗಡುಸಾಗಿ, ಒಳಗೆ ತಡೆಯಿದ್ದರೂ ಸಂಖ್ಯೆ ಸಹಜವಾಗಿಯೋ 1.4ರ ಮೇಲೆಯೋ ಬರಬಹುದು. ಅಂಥವರು ಕಾಲ್ಬೆರಳಿನ ಒತ್ತಡ ಅಳೆಸಬೇಕು.)

“ಸಿಗರೇಟು?” ಅಂದರು. ಇಪ್ಪತ್ತೆರಡು ವರ್ಷ ಸೇದಿದ್ದೆ, ಬಿಟ್ಟು ನಾಲ್ಕು ವರ್ಷ. ಹೆಂಡತಿ ಕಿಟಕಿಯ ಕಡೆ ನೋಡಿದಳು. ಆ ಕ್ಷಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ.

“ಕಾಲಿನ ನಾಳ ಕಟ್ಟಿದೆ ಅಂದ್ರೆ ಹೃದಯದ್ದು, ಮಿದುಳಿನದ್ದು ನೋಡದೆ ಬಿಡೋ ಹಾಗಿಲ್ಲ,” ಅಂತ ಹೇಳಿ ಚೀಟಿ ಬರೆದರು. ಸಕ್ಕರೆ, ಕ್ರಿಯಾಟಿನಿನ್, ಲಿಪಿಡ್, ರಕ್ತಕಣಗಳ ಎಣಿಕೆ. ಕೆಳಗೆ ಎರಡು ಹೊಸ ಹೆಸರು: ದೇಹದಲ್ಲಿ ಉರಿಯೂತವಿದ್ದರೆ ರಕ್ತದಲ್ಲಿ ಏರುವ ಪ್ರೋಟೀನನ್ನು ಅಳೆಯುವ ಎಚ್‌ಎಸ್-ಸಿಆರ್‌ಪಿ, ಮತ್ತು ರಕ್ತದಲ್ಲಿ ಕೊಬ್ಬು ಹೊರುವ ಒಂದು ಬಗೆಯ ಕಣವಾದ ಲೈಪೊಪ್ರೋಟೀನ್ ಎ.

ಇಲ್ಲಿಂದ ನನ್ನ ಎಡವುವಿಕೆ ಶುರು.

ಲ್ಯಾಬಿನ ಕೌಂಟರಿನ ಹುಡುಗ ಬರಿಯ ‘ಸಿಆರ್‌ಪಿ’ ಅಂತ ಟೈಪ್ ಮಾಡಿಕೊಂಡ. ಮಾರನೆಯ ದಿನ ರಿಪೋರ್ಟಿನಲ್ಲಿ ‘6ಕ್ಕಿಂತ ಕಡಿಮೆ, ಸಹಜ’ ಅಂತ ಇತ್ತು. ಖುಷಿಯಿಂದ ತೋರಿಸಿದರೆ ಡಾಕ್ಟರು ತಲೆಯಾಡಿಸಿದರು. ಸಾದಾ ಸಿಆರ್‌ಪಿ ಇರುವುದು ನ್ಯುಮೋನಿಯಾ, ದೊಡ್ಡ ಸೋಂಕು, ಕೀಲುರಿಯೂತ ಹಿಡಿಯುವುದಕ್ಕೆ. ಅಲ್ಲಿ ಸಂಖ್ಯೆ ನೂರು, ಇನ್ನೂರಕ್ಕೆ ಏರುತ್ತದೆ. ರಕ್ತನಾಳದ ವಿಷಯದಲ್ಲಿ ನೋಡಬೇಕಾದದ್ದೆಲ್ಲ ಆ ‘6ಕ್ಕಿಂತ ಕಡಿಮೆ’ ಎಂಬ ಕತ್ತಲಲ್ಲೇ ಅಡಗಿರುತ್ತದೆ: ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. ಆ ಸಣ್ಣ ಅಂತರವನ್ನು ಅಳೆಯುವಷ್ಟು ಸೂಕ್ಷ್ಮವಾದ ವಿಧಾನಕ್ಕೇ ಎಚ್‌ಎಸ್ ಅನ್ನುವುದು. ಮತ್ತೆ ರಕ್ತ, ಮತ್ತೆ ದುಡ್ಡು. ರಸೀದಿಯಲ್ಲಿ ಆ ಎರಡಕ್ಷರ ಇದೆಯಾ ಅಂತ ತೋಳು ಚಾಚುವ ಮೊದಲೇ ನೋಡಿಕೊಳ್ಳಿ.

ಎರಡನೇ ಸಲ ಹೋದಾಗ ಅದೇ ಕೌಂಟರಿನಲ್ಲಿ ‘ಹೃದಯದ ಪ್ಯಾಕೇಜ್’ ತೋರಿಸಿದರು. ಬಿಡಿಯಾಗಿ ಮಾಡಿಸುವುದಕ್ಕಿಂತ ಲಾಭ ಅಂತ. ಇಂಟರ್‌ಲ್ಯೂಕಿನ್-6, ಹೋಮೊಸಿಸ್ಟೀನ್, ಫೈಬ್ರಿನೋಜನ್, ಇನ್ನೂ ಏನೇನೋ. ಹೆದರಿದವನ ಜೇಬು ಬೇಗ ಬಿಚ್ಚುತ್ತದೆ, ನಾನೂ ಬಿಚ್ಚಿದೆ. ಡಾಕ್ಟರು ಕೇಳಿದ ಎರಡು ಪರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚು ಹೋಯಿತು. ಆಮೇಲೆ ಅವರು ಆ ಪುಟಗಳನ್ನು ಹಾಗೇ ಮಗುಚಿದರು. ಇಂಟರ್‌ಲ್ಯೂಕಿನ್-6 ಸಂಶೋಧನೆಗೆ ಬಹಳ ಮುಖ್ಯವಾದ ಅಣುವೇ, ಆದರೆ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಒಬ್ಬ ರೋಗಿಯ ಒಂದು ಸಂಖ್ಯೆ ಹಿಡಿದು ಔಷಧಿ ಬದಲಿಸಲು ಬರುವುದಿಲ್ಲ. ರಕ್ತದಲ್ಲಿರುವ ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಬಿ ವಿಟಮಿನ್ ಕೊಟ್ಟು ಇಳಿಸಿದರೂ ಹೃದಯಾಘಾತ ಇಳಿಯಲಿಲ್ಲ ಅಂತ 2006ರಲ್ಲೇ ದೊಡ್ಡ ಪ್ರಯೋಗಗಳು ತೋರಿಸಿಬಿಟ್ಟಿವೆ. “ಕೇಳದ್ದನ್ನ ಯಾಕೆ ಮಾಡಿಸಿದ್ರಿ?” ಅಂತಷ್ಟೇ ಕೇಳಿದರು. ಉತ್ತರ ಇರಲಿಲ್ಲ.

ಆ ಸಲದ ಎಚ್‌ಎಸ್-ಸಿಆರ್‌ಪಿ 11.8.

ಸಂಜೆ ಏಳಕ್ಕೆ ಫೋನಿಗೆ ಬಂತು. 3ರ ಮೇಲೆ ಅಪಾಯ ಅಂತ ಓದಿಕೊಂಡಿದ್ದವನಿಗೆ 11.8 ಅಂದರೆ ಇವತ್ತೋ ನಾಳೆಯೋ ಅನಿಸಿತು. ರಾತ್ರಿ ಎರಡರವರೆಗೆ ಹುಡುಕಾಡಿದೆ. ಪಕ್ಕದಲ್ಲಿ ಮಲಗಿದ್ದವಳು, “ಏನ್ರೀ ಅದು, ಇಷ್ಟೊತ್ತಲ್ಲಿ?” ಅಂದಳು. ಏನಿಲ್ಲ ಅಂದೆ. ಎದೆಯಲ್ಲಿ ಇಲ್ಲದ ನೋವು ಬಂದು ಕೂತಿತ್ತು.

ಮಾರನೆಯ ದಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ರಕ್ತ ಕೊಡೋ ಮುಂಚೆ ಜ್ವರ, ನೆಗಡಿ ಏನಾದ್ರೂ ಇತ್ತಾ?” ಇತ್ತು. ನಾಲ್ಕು ದಿನದ ನೆಗಡಿ, ಗಂಟಲು ಕೆರೆತ. ಅದನ್ನು ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ, ಲ್ಯಾಬಿನವರೂ ಕೇಳಿರಲಿಲ್ಲ. ಡಾಕ್ಟರು ರಕ್ತಕಣಗಳ ಪುಟ ತೆಗೆದು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಭಾಗಾಕಾರ ಹಾಕಿದರು: ನ್ಯೂಟ್ರೊಫಿಲ್ 72, ಲಿಂಫೊಸೈಟ್ 18, ಅನುಪಾತ 4. ಎರಡೂ ಬಿಳಿ ರಕ್ತಕಣಗಳೇ. ಮೊದಲನೆಯವು ಸೋಂಕು ಬಂದ ಕೂಡಲೇ ನುಗ್ಗುವ ಪಡೆ, ಎರಡನೆಯವು ಗುರುತಿಟ್ಟುಕೊಂಡು ಹೋರಾಡುವಂಥವು. ಮಾಮೂಲು ದಿನಗಳಲ್ಲಿ ಈ ಅನುಪಾತ 1ರಿಂದ 3ರ ಆಸುಪಾಸು. ನೆಗಡಿಯಂಥ ಸೋಂಕಿರಲಿ, ಸ್ಟಿರಾಯ್ಡ್ ಮಾತ್ರೆಯಿರಲಿ, ಮೈಮುರಿಯುವ ಒತ್ತಡವಿರಲಿ, ಮೇಲೇರಬಹುದು. ದೀರ್ಘಕಾಲ ಏರಿಯೇ ಇದ್ದರೆ ಅಪಧಮನಿ ಕಾಯಿಲೆಯವರಲ್ಲಿ ಒಳ್ಳೆಯ ಸೂಚನೆಯಲ್ಲ. ಇದಕ್ಕೆ ಬೇರೆ ಪರೀಕ್ಷೆಯೇ ಬೇಡ, ಎಲ್ಲರ ಸಾದಾ ರಿಪೋರ್ಟಿನಲ್ಲೂ ಆ ಎರಡು ಸಂಖ್ಯೆ ಇದ್ದೇ ಇರುತ್ತವೆ.

“10ರ ಮೇಲೆ ಬಂದ್ರೆ ಅದನ್ನ ನಾಳದ ಲೆಕ್ಕಕ್ಕೆ ಹಿಡಿಯೋದಿಲ್ಲ. ಎರಡು ವಾರ ಬಿಟ್ಟು ಮತ್ತೆ ಮಾಡ್ಸಿ.”

ಎರಡು ವಾರ ಯಾಕೆ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಕೂರಿಸಿಕೊಂಡು ಹೇಳಿದರು. ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ, ಕಾಲಿನಲ್ಲಲ್ಲ. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಅಲ್ಲಿನ ಕಣಗಳು ಇಂಟರ್‌ಲ್ಯೂಕಿನ್-6 ಮೂಲಕ ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತವೆ, ಅದು ಸಿಆರ್‌ಪಿ ಸುರಿಯುತ್ತದೆ. ಸುಮಾರು 19 ಗಂಟೆಗೊಮ್ಮೆ ರಕ್ತದಲ್ಲಿರುವುದರ ಅರ್ಧದಷ್ಟು ಕರಗಿಹೋಗುತ್ತದೆ. ಅಂದರೆ ಕಾರಣ ನಿಂತ ಮೇಲೆ ಕೆಲವೇ ದಿನದಲ್ಲಿ ಇಳಿಯಬೇಕು. ಎರಡು ವಾರದ ಮೇಲೂ ಉಳಿದಿದ್ದರೆ ನೆಗಡಿಯ ಮೇಲೆ ಹಾಕುವ ಹಾಗಿಲ್ಲ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ, ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಅಂಶಕ್ಕೆ ಅಂಟಿಕೊಳ್ಳುವ ವಸ್ತುವಾಗಿ ಇದು ಮೊದಲು ಕಂಡಿತಂತೆ. ಹೆಸರಿನಲ್ಲಿರುವ ಸಿ ಅಲ್ಲಿಂದ ಬಂದದ್ದು.

ನಾಳದ ಗೋಡೆಯ ಕಥೆಯನ್ನೂ ಅವತ್ತೇ ಹೇಳಿದ್ದು. ಕೊಬ್ಬು ಪೈಪಿನಲ್ಲಿ ಜಿಡ್ಡು ಕಟ್ಟಿದ ಹಾಗೆ ಮೆತ್ತಿಕೊಳ್ಳುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ‘ಕೆಟ್ಟ ಕೊಲೆಸ್ಟರಾಲ್’ ಅನ್ನುತ್ತಾರಲ್ಲ, ಆ ಎಲ್‌ಡಿಎಲ್ ಗೋಡೆಯ ಒಳಪದರಕ್ಕೆ ನುಸುಳಿ ಅಲ್ಲಿ ಕೆಡುತ್ತದೆ. ಅದನ್ನು ಪರಕೀಯ ಅಂತ ಬಗೆದು ಬಿಳಿ ಕಣಗಳು ಒಳಹೊಕ್ಕು ನುಂಗುತ್ತವೆ, ನುಂಗಿ ನುಂಗಿ ನೊರೆ ತುಂಬಿದಂತಾಗಿ ಅಲ್ಲೇ ಸಾಯುತ್ತವೆ. ಸತ್ತದ್ದನ್ನು ಎತ್ತಲು ಇನ್ನಷ್ಟು ಬರುತ್ತವೆ. ಆ ದಿಬ್ಬದ ಮೇಲಿನ ತೆಳು ಪೊರೆ ಉರಿಯೂತದಿಂದ ಸವೆದು ಹರಿದ ದಿನ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. “ಕಾಯೋದಕ್ಕೆ ಬಂದವರೇ ಮನೆ ಹಾಳು ಮಾಡೋದು,” ಅಂದರು. “ಸಿಆರ್‌ಪಿ ಬರೀ ಹೊಗೆ. ಹೊಗೆ ಎದ್ದಿದೆ ಅಂತ ಹೇಳುತ್ತೆ, ಯಾರ ಮನೆ ಒಲೆ ಅಂತ ಹೇಳಲ್ಲ.”

ಆ ಭೇಟಿಯಲ್ಲೇ ಎಲ್‌ಡಿಎಲ್ 124 ನೋಡಿ ಅದನ್ನು ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ, 40 ಮಿಲಿಗ್ರಾಂ ಅಟೊರ್ವಸ್ಟಾಟಿನ್, ಜೊತೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ಶುರು ಮಾಡಿದರು.

ಎರಡು ವಾರ ಕಳೆದು ಮನೆಗೆ ಹತ್ತಿರವಾಗುತ್ತದೆ ಅಂತ ಬೇರೆ ಲ್ಯಾಬಿಗೆ ಹೋದೆ. ಈ ಸಲ ಎಲ್ಲ ಜಾಣತನ ಮಾಡಿದ್ದೆ: ನೆಗಡಿ ಇಲ್ಲ, ರಸೀದಿಯಲ್ಲಿ ಎಚ್‌ಎಸ್ ಇದೆ, ಹಿಂದಿನ ಎರಡು ದಿನ ಮೈಮುರಿಯುವ ಕೆಲಸ ಮಾಡಿರಲಿಲ್ಲ. (ಸಿಆರ್‌ಪಿಗೆ ಖಾಲಿ ಹೊಟ್ಟೆ ಬೇಕಿಲ್ಲ. ನಾನು ಸುಮ್ಮನೆ ಹನ್ನೆರಡು ಗಂಟೆ ಉಪವಾಸವಿದ್ದೆ.) ಉತ್ತರ ಬಂತು: 0.42.

1ಕ್ಕಿಂತ ಕಡಿಮೆ! ಗೆದ್ದೆ ಅನಿಸಿತು. ಆ ವಾರ ಎರಡು ಪುಸ್ತಕದ ಕರಡು ಒಟ್ಟಿಗೆ ಬಂದಿತ್ತು. ಡಾಕ್ಟರ ಭೇಟಿಯನ್ನು ಫೋನಿನಲ್ಲೇ ಮುಂದೂಡಿದೆ. ಸ್ಟಾಟಿನ್ ಮಾತ್ರೆಯನ್ನೂ ನಾನೇ ದಿನ ಬಿಟ್ಟು ದಿನ ಮಾಡಿಕೊಂಡೆ. ಐದು ವಾರ ಹೀಗೇ ಹೋಯಿತು. ಮಾತ್ರೆ ಮುಗಿದದ್ದರಿಂದ ಚೀಟಿ ಬರೆಸಲು ಹೋದವನು ಹಾಗೇ ರಿಪೋರ್ಟನ್ನೂ ಮೇಜಿನ ಮೇಲಿಟ್ಟೆ.

ಡಾಕ್ಟರು ಓದಿ, ಕನ್ನಡಕ ಸರಿಮಾಡಿಕೊಂಡು, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಸಂಖ್ಯೆಯ ಬಲಕ್ಕೆ, ಅರ್ಧ ಗಾತ್ರದ ಅಕ್ಷರದಲ್ಲಿ, ಮಿಲಿಗ್ರಾಂ ಪ್ರತಿ ಡಿಎಲ್. ಮೊದಲ ಲ್ಯಾಬಿನದು ಬರಿಯ ಎಲ್, ಅಂದರೆ ಲೀಟರ್. ಇಲ್ಲಿ ಮುಂದೊಂದು ‘ಡಿ’ ಇದೆ. ಡೆಸಿಲೀಟರ್, ಲೀಟರಿನ ಹತ್ತನೇ ಒಂದು ಪಾಲು. 0.42 ಅಲ್ಲ, 4.2.

ಮೂವತ್ತು ವರ್ಷದಿಂದ ಒತ್ತಕ್ಷರ, ಅಲ್ಪವಿರಾಮ, ಬಿಟ್ಟುಹೋದ ಸೊನ್ನೆ ಹಿಡಿದು ಸಂಬಳ ತೆಗೆದುಕೊಂಡವನು ನಾನು. ನನ್ನ ರಕ್ತದ ಹಾಳೆಯಲ್ಲಿ ಒಂದು ‘ಡಿ’ ಹಿಡಿಯಲಾಗಲಿಲ್ಲ. ಮಾತ್ರೆ ಕಡಿಮೆ ಮಾಡಿದ್ದನ್ನು ಹೇಳದೇ ಇರೋಣ ಅಂತಲೂ ಒಂದು ಗಳಿಗೆ ಯೋಚಿಸಿದೆ. ಹೆಂಡತಿ ಹೇಳಿಬಿಟ್ಟಳು.

ನಿಮ್ಮ ಕೈಗೆ ರಿಪೋರ್ಟು ಬಂದಾಗ ಸಂಖ್ಯೆಗಿಂತ ಮೊದಲು ಅದರ ಅಳತೆಯ ಮಾನ ಓದಿ. ಸಾಧ್ಯವಾದರೆ ಎಲ್ಲ ಸಲವೂ ಒಂದೇ ಲ್ಯಾಬಿಗೆ ಹೋಗಿ.

ಇನ್ನು ‘ಯಾರ ಮನೆ ಒಲೆ’ ಅಂತ ಹುಡುಕುವ ಕೆಲಸ. ಬೆಳಿಗ್ಗೆ ಎದ್ದಾಗ ಬೆರಳು ಸ್ವಲ್ಪ ಹೊತ್ತು ಬಿಗಿಯಾಗಿರುತ್ತವೆ ಅಂತ ಬಾಯಿತಪ್ಪಿ ಹೇಳಿದ್ದೆ. ದೇಹದ ಕಾವಲು ಪಡೆ ತನ್ನ ಮೇಲೇ ತಿರುಗಿಬೀಳುವ ರುಮಟಾಯ್ಡ್ ಕೀಲುರಿಯೂತ, ಲೂಪಸ್‌ನಂಥ ಕಾಯಿಲೆಯವರಿಗೆ ನಾಳದ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ, ಆದ್ದರಿಂದ ಕೀಲುತಜ್ಞರ ಹತ್ತಿರ ಕಳಿಸಿದರು. ಅಲ್ಲಿ ಸರದಿ ಸಿಗಲು ಮೂರು ವಾರ. ಮತ್ತೆ ನಾಲ್ಕು ಸೀಸೆ ರಕ್ತ. ರುಮಟಾಯ್ಡ್ ಕಾಯಿಲೆಯ ಸುಳಿವು ಕೊಡುವ ಎರಡು ಪ್ರತಿಕಾಯ, ರುಮಟಾಯ್ಡ್ ಫ್ಯಾಕ್ಟರ್ ಇಲ್ಲ, ಆಂಟಿ-ಸಿಸಿಪಿ ಇಲ್ಲ. ಆದರೆ ಎಎನ್‌ಎ, ಅಂದರೆ ನಮ್ಮದೇ ಜೀವಕೋಶದ ಕೇಂದ್ರದ ವಿರುದ್ಧ ಎದ್ದ ಪ್ರತಿಕಾಯ, ‘ಪಾಸಿಟಿವ್, 1:80’, ಅಂದರೆ ಸ್ಯಾಂಪಲನ್ನು ಎಂಬತ್ತು ಪಟ್ಟು ತೆಳುಮಾಡಿದರೂ ಕಂಡಿತು. ಆ ಪದವನ್ನು ಕೆಂಪಕ್ಷರದಲ್ಲಿ ಅಚ್ಚು ಮಾಡುವ ಪದ್ಧತಿ ಯಾರು ತಂದರೋ. ಎರಡು ದಿನ ನಿದ್ದೆಗೆಟ್ಟೆ. ಕೀಲುತಜ್ಞೆ ನಕ್ಕುಬಿಟ್ಟರು: “ಆರೋಗ್ಯವಾಗಿರೋ ನೂರು ಜನರಲ್ಲಿ ಮಾಡಿಸಿದ್ರೆ ಹದಿಮೂರು ಜನಕ್ಕೆ 1:80 ಬರುತ್ತೆ ಸಾರ್. ನಿಮ್ಮ ಚರ್ಮ, ಮೂತ್ರ, ಕೀಲು ಎಲ್ಲಾ ಸರಿ ಇದೆ. ಈ ಹಾಳೇನ ಮರೀರಿ.” ಬೆರಳಿನ ಬಿಗಿತ ಕರಡು ತಿದ್ದುವ ಪೆನ್ನಿನ ಕೊಡುಗೆಯಂತೆ.

ಒಲೆ ಸಿಕ್ಕಿದ್ದು ಬಾಯಿಯಲ್ಲಿ. ಅಷ್ಟು ಡಾಕ್ಟರುಗಳಲ್ಲಿ ಯಾರೂ ಒಸಡಿನ ಬಗ್ಗೆ ಕೇಳಿರಲಿಲ್ಲ. ಹಲ್ಲುಜ್ಜುವಾಗ ರಕ್ತ ಬರುವುದು ಎಷ್ಟೋ ವರ್ಷದ ಅಭ್ಯಾಸವಾಗಿದ್ದರಿಂದ ನಾನೂ ಹೇಳಿರಲಿಲ್ಲ. ರಕ್ತನಾಳದ ಡಾಕ್ಟರೇ ಕೊನೆಗೆ “ಬಾಯಿ ತೆಗೀರಿ” ಅಂದರು. ದಂತವೈದ್ಯರು ಗೆರೆ ಕೊರೆದ ಸಣ್ಣ ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಇಳಿಸುತ್ತ ಸಹಾಯಕಿಗೆ ಸಂಖ್ಯೆ ಹೇಳಿಕೊಂಡು ಹೋದರು: ಮೂರು, ಐದು, ಆರು, ಆರು, ಐದು. ಮಿಲಿಮೀಟರುಗಳು. ಆರೋಗ್ಯದ ಒಸಡಿನಲ್ಲಿ ಮೂರರೊಳಗೆ ಇರಬೇಕಂತೆ. ಬೇರಿನವರೆಗೆ ಕೆರೆದು ಸ್ವಚ್ಛ ಮಾಡಲು ನಾಲ್ಕು ಸಲ ಹೋದೆ, ಒಂದೊಂದು ಸಲ ಬಾಯಿಯ ಒಂದೊಂದು ಕಾಲುಭಾಗ. ನೋವಿನಲ್ಲಿ ಈ ಇಡೀ ಯಾತ್ರೆಗೆ ಅದೇ ಶಿಖರ. ಒಸಡಿನ ಚಿಕಿತ್ಸೆಯಿಂದ ಸಿಆರ್‌ಪಿ ಸ್ವಲ್ಪ ಇಳಿಯುವುದುಂಟು, ಆದರೆ ಹೃದಯಾಘಾತ ತಪ್ಪುತ್ತದೆ ಅಂತ ಸಾಬೀತಾಗಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಈ ನಡುವೆ ನನಗೊಂದು ಹಟ ಹತ್ತಿತ್ತು: ಉರಿಯೂತವೇ ಮೂಲವಾದರೆ ಅದನ್ನೇ ನೇರವಾಗಿ ಆರಿಸಬಾರದೇ? ಓದಿಕೊಂಡು ಹೋಗಿ ಕೇಳಿದೆ. ಪ್ರಶ್ನೆ ದಡ್ಡತನದ್ದಲ್ಲ ಅಂತ ಗೊತ್ತಾಗಿ ಸಮಾಧಾನವಾಯಿತು. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ, ಹೃದಯಾಘಾತವಾಗಿ ಸಿಆರ್‌ಪಿ 2ರ ಮೇಲಿದ್ದ ಹತ್ತು ಸಾವಿರ ಜನರಲ್ಲಿ, ಕೊಲೆಸ್ಟರಾಲ್ ಮುಟ್ಟದೆ, ಉರಿಯೂತ ಕೆರಳಿಸುವ ಇಂಟರ್‌ಲ್ಯೂಕಿನ್-1 ಬೀಟಾವನ್ನಷ್ಟೇ ತಡೆಯುವ ಕ್ಯಾನಕಿನುಮ್ಯಾಬ್ ಚುಚ್ಚುಮದ್ದು ಕೊಟ್ಟರು. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಒಟ್ಟಾರೆ 15% ಇಳಿಯಿತು. ಆದರೆ ಕಾವಲು ಸಡಿಲಿಸಿದ್ದಕ್ಕೆ ಸೋಂಕಿನಿಂದ ಸತ್ತವರು ಹೆಚ್ಚಾದರು. ಕೀಲುರಿಯೂತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಸಿಆರ್‌ಪಿಯೂ ಇಳಿಯಲಿಲ್ಲ, ಹೃದಯಾಘಾತವೂ ಇಳಿಯಲಿಲ್ಲ. ಗೌಟ್ ಕಾಯಿಲೆಯ ಹಳೆಯ ಮಾತ್ರೆ ಕೊಲ್ಚಿಸಿನ್ 0.5 ಮಿಲಿಗ್ರಾಂ, 2019 ಮತ್ತು 2020ರ ಎರಡು ಪ್ರಯೋಗಗಳಲ್ಲಿ ಗೆದ್ದು, 2024ರಲ್ಲಿ ಏಳು ಸಾವಿರ ಜನರ ಪ್ರಯೋಗದಲ್ಲಿ ಸೋತಿತು. “ಅವೆಲ್ಲ ಹೃದಯದ ನಾಳದ ಕಾಯಿಲೆಯವರು. ನಿಮ್ಮ ಕಾಲಿಗೆ ಅಂತ ಈಗ ಬರೆಯೋಕೆ ನನಗೆ ಧೈರ್ಯ ಇಲ್ಲ. ಇರೋ ಮಾತ್ರೇನ ದಿನಾ ತಗೊಳ್ಳಿ ಸಾಕು,” ಅಂದರು. ‘ದಿನಾ’ ಮೇಲೆ ಒತ್ತು ಬಿದ್ದದ್ದು ನನ್ನ ಕಿವಿಗೆ ತಪ್ಪಲಿಲ್ಲ. ಸ್ಟಾಟಿನ್ ಕೊಲೆಸ್ಟರಾಲಿನ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ ಎಂಬುದು ಆಗಲೇ ಗೊತ್ತಾದದ್ದು.

ಇನ್ನೊಂದು ಚಿಕಿತ್ಸೆ ನಡಿಗೆ. ನೋವು ತಕ್ಕಮಟ್ಟಿಗೆ ಏರುವ ತನಕ ನಡೆಯಬೇಕು, ನಿಲ್ಲಬೇಕು, ಹೋದ ಮೇಲೆ ಮತ್ತೆ ನಡೆಯಬೇಕು. ನಿಲ್ಲುವ ಹೊತ್ತೂ ಸೇರಿ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ, ಕಡಿಮೆಯೆಂದರೆ ಹನ್ನೆರಡು ವಾರ. ನೋಯುವ ಕಾಲನ್ನು ನೋಯಿಸಿಯೇ ಪಳಗಿಸುವ ಈ ಮದ್ದನ್ನು ಮೊದಲು ನಂಬಲಿಲ್ಲ. ನಾಲ್ಕನೇ ವಾರದವರೆಗೆ ಏನೂ ಬದಲಾಗಲಿಲ್ಲ, ಬೇಸತ್ತು ಎರಡು ಸಲ ಬಿಟ್ಟೆ. ಒಂಬತ್ತನೇ ವಾರದಲ್ಲಿ ಒಂದು ದಿನ ಫೋನ್ ತೆಗೆಯುವ ನಾಟಕದ ಜಾಗ ದಾಟಿ ಬಹಳ ಮುಂದೆ ಬಂದದ್ದು ಆಮೇಲೆ ಗಮನಕ್ಕೆ ಬಂತು. ಈಗ ಆರುನೂರು ಹೆಜ್ಜೆ ಆಗುತ್ತದೆ.

ಹನ್ನೆರಡು ವಾರದ ಮೇಲಿನ ರಕ್ತ, ಮೊದಲ ಲ್ಯಾಬಿನಲ್ಲೇ: ಎಲ್‌ಡಿಎಲ್ 58, ನ್ಯೂಟ್ರೊಫಿಲ್ ಲಿಂಫೊಸೈಟ್ ಅನುಪಾತ 1.9, ಎಚ್‌ಎಸ್-ಸಿಆರ್‌ಪಿ ಲೀಟರಿಗೆ 1.7 ಮಿಲಿಗ್ರಾಂ. ಇಳಿಸಿದ್ದು ಮಾತ್ರೆಯೋ, ಒಸಡೋ, ನಡಿಗೆಯೋ? ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದಕ್ಕೂ ಪೂರ್ತಿ ಶ್ರೇಯ ಕೊಡಲು ಬರುವುದಿಲ್ಲ. ಎಲ್‌ಡಿಎಲ್ 55ಕ್ಕಿಂತ ಕೆಳಗೆ ಬೇಕು ಅಂತ ಕೊಲೆಸ್ಟರಾಲ್ ಇಳಿಸುವ ಇನ್ನೊಂದು ಮಾತ್ರೆ, ಎಜೆಟಿಮೈಬ್ ಸೇರಿಸಿದ್ದಾರೆ.

ಉಳಿದದ್ದು ಲೈಪೊಪ್ರೋಟೀನ್ ಎ. ನನ್ನದು ಲೀಟರಿಗೆ 146 ನ್ಯಾನೊಮೋಲ್ (ತೂಕವಲ್ಲ, ಕಣಗಳ ಎಣಿಕೆ ಹೇಳುವ ಮಾನ), 125ರ ಮೇಲಿದ್ದರೆ ಹೆಚ್ಚು. ಇದು ಹುಟ್ಟಿನಿಂದ ಬಂದದ್ದು, ಪಥ್ಯಕ್ಕೂ ನಡಿಗೆಗೂ ಜಗ್ಗುವುದಿಲ್ಲ, ಗೋಡೆಯಲ್ಲಿ ಉರಿಯೂತ ಕೆರಳಿಸುವ ಕೆಟ್ಟ ಕೊಬ್ಬನ್ನು ಹೊತ್ತು ತಿರುಗುತ್ತದೆ. ಜೀವಮಾನದಲ್ಲಿ ಒಮ್ಮೆ ಅಳೆಸಿದರೆ ಸಾಮಾನ್ಯವಾಗಿ ಸಾಕು, ಆದರೆ ಮಕ್ಕಳೂ ಅಳೆಸಬೇಕು. ಬೇರೆ ಊರಿನಲ್ಲಿರುವ ಮಗಳಿಗೆ ಇದನ್ನು ಹೇಳುವುದು ನನ್ನ ಎಲ್ಲ ಸೂಜಿಗಳಿಗಿಂತ ಕಷ್ಟವಾಯಿತು.

ಹೋದ ವಾರ ಅವಳ ಮೆಸೇಜ್ ಬಂತು. “ಅಪ್ಪಾ, 62.”

ಈ ಪರೀಕ್ಷೆಗೂ ಎರಡು ಮಾನಗಳಿವೆ. 62 ನ್ಯಾನೊಮೋಲ್ ಆದರೆ ನೆಮ್ಮದಿ. ಡೆಸಿಲೀಟರಿಗೆ 62 ಮಿಲಿಗ್ರಾಂ ಆದರೆ 50ರ ಗಡಿ ದಾಟಿದ ಹಾಗೆ. ಒಂದರಿಂದ ಇನ್ನೊಂದಕ್ಕೆ ಗುಣಿಸಿ ಬದಲಿಸೋಣವೆಂದರೆ ಕಣದ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು, ಲೆಕ್ಕ ಸರಿಬರುವುದಿಲ್ಲ. “ಪುಟದ ಫೋಟೊ ಕಳಿಸು ಮಗಾ,” ಅಂದೆ. ಕಳಿಸಿದಳು. ಬಲಗಡೆಯ ಅಂಚು ಕತ್ತರಿಸಿಹೋಗಿತ್ತು. ಅವಳು ಮೀಟಿಂಗಿನಲ್ಲಿದ್ದಳು. ನಲವತ್ತು ನಿಮಿಷ ಮುಂದಿದ್ದ ಕರಡಿನ ಒಂದೇ ಸಾಲನ್ನು ಓದುತ್ತ ಕೂತಿದ್ದೆ.

ಎರಡನೇ ಫೋಟೊ ಬಂತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ನ್ಯಾನೊಮೋಲ್ ಪ್ರತಿ ಎಲ್. ‘ಡಿ’ ಇಲ್ಲ.